ವಸಾಹತು ಕಾಲದ ಅಮೆರಿಕದ ಹಳೇ ನಕ್ಷೆಗಳು: ಕಾಪಾಡುವುದು ಹೇಗೆ, ಡಿಜಿಟಲ್ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೂರ್ವ ಕರಾವಳಿಯ ಊರುಗಳಲ್ಲಿ ಹಳೇ ಸಾಮಾನಿನ ಅಂಗಡಿಗೋ ಎಸ್ಟೇಟ್ ಸೇಲ್‌ಗೋ (ತೀರಿಕೊಂಡವರ ಮನೆ ಸಾಮಾನಿನ ಮಾರಾಟ) ಹೋದರೆ ಒಂದಾದರೂ ಹಳೇ ನಕ್ಷೆ ಕಣ್ಣಿಗೆ ಬೀಳುತ್ತದೆ. ಅಲ್ಲಿರುವ ನಮ್ಮವರೂ ಆಸೆಪಟ್ಟು ಕೊಳ್ಳುತ್ತಾರೆ. ಮನೆಗೆ ತಂದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿನ ಅರ್ಧಕ್ಕರ್ಧ ಉತ್ತರಗಳು "ಮಾಡಬೇಡಿ" ಅಂತಲೇ ಇವೆ. ಬೇಜಾರು ಮಾಡಿಕೊಳ್ಳಬೇಡಿ.

ವಸಾಹತು ಕಾಲದ ನಕ್ಷೆ ಅಂದರೆ ಯಾವ ಕಾಲದ್ದು?

ಸುಮಾರಾಗಿ 1585ರಿಂದ 1783ರವರೆಗಿನದು. 1585ರಲ್ಲಿ ಜಾನ್ ವೈಟ್ ಎಂಬ ಚಿತ್ರಗಾರ ಈಗಿನ ನಾರ್ತ್ ಕ್ಯಾರೊಲೈನಾದ ಕರಾವಳಿಗೆ ಹೋದ. ತಾನು ಕಂಡದ್ದನ್ನು ಜಲವರ್ಣದಲ್ಲಿ ಬರೆದ. 1783ರಲ್ಲಿ ಪ್ಯಾರಿಸ್ ಒಪ್ಪಂದವಾಯಿತು, ಅಮೆರಿಕ ಬೇರೆ ದೇಶ ಎಂದು ಬ್ರಿಟನ್ ಒಪ್ಪಿಕೊಂಡಿತು. ಈ ನಡುವಿನ ಎರಡು ನೂರು ವರ್ಷಗಳಲ್ಲಿ ಇಂಗ್ಲಿಷರು, ಡಚ್ಚರು, ಫ್ರೆಂಚರು, ಸ್ಪೇನಿನವರು ಎಲ್ಲರೂ ನಕ್ಷೆ ಮಾಡಿದರು. ಹೆಚ್ಚಿನವು ಅಚ್ಚಾದದ್ದು ಲಂಡನ್, ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್‌ಗಳಲ್ಲಿ. ಅಲ್ಲಿನ ಇಂಗ್ಲಿಷ್ ವಸಾಹತುಗಳಲ್ಲೇ ಅಚ್ಚಾದ ಮೊದಲ ನಕ್ಷೆ ಅಂದರೆ ಜಾನ್ ಫಾಸ್ಟರ್ 1677ರಲ್ಲಿ ಬಾಸ್ಟನ್‌ನಲ್ಲಿ ಮರದ ಅಚ್ಚಿನಿಂದ ತೆಗೆದ ನ್ಯೂ ಇಂಗ್ಲೆಂಡ್ ನಕ್ಷೆ.

ಎಲ್ಲಕ್ಕಿಂತ ದೊಡ್ಡ ಹೆಸರು 1755ರ ಜಾನ್ ಮಿಚೆಲ್ ನಕ್ಷೆಯದು. ಪ್ಯಾರಿಸ್‌ನಲ್ಲಿ ಗಡಿ ಮಾತುಕತೆ ನಡೆದಾಗ ಮೇಜಿನ ಮೇಲೆ ಇದ್ದದ್ದು ಇದೇ. ಆ ನಕ್ಷೆಯ ಮೇಲಿನ ಮೂಲೆಯಲ್ಲಿ ಇನ್ನೊಂದು ಚಿಕ್ಕ ನಕ್ಷೆಯನ್ನು ಕೂರಿಸಲಾಗಿತ್ತು. ಮಿಸಿಸಿಪ್ಪಿ ನದಿಯ ಮೂಲ ಎಲ್ಲಿ ಎಂಬುದು ಅದರ ಅಡಿಯಲ್ಲಿ ಮುಚ್ಚಿಹೋಗಿತ್ತು. ಗಡಿ ಗೆರೆ ಲೇಕ್ ಆಫ್ ದಿ ವುಡ್ಸ್ ಸರೋವರದ ವಾಯವ್ಯ ಮೂಲೆಯಿಂದ ನೇರ ಪಶ್ಚಿಮಕ್ಕೆ ಹೋಗಿ ನದಿಗೆ ಸೇರಲಿ ಎಂದು ಬರೆದರು. ನದಿ ಹುಟ್ಟುವುದೇ ಅದಕ್ಕಿಂತ ತೆಂಕಣದಲ್ಲಿ! ಆ ಎಡವಟ್ಟಿನ ಗುರುತು ಇವತ್ತಿಗೂ ಇದೆ. ಮಿನೆಸೋಟಾದ ನಾರ್ತ್‌ವೆಸ್ಟ್ ಆ್ಯಂಗಲ್ ಎಂಬ ತುಂಡಿಗೆ ರಸ್ತೆಯಲ್ಲಿ ಹೋಗಬೇಕಾದರೆ ಕೆನಡಾ ದಾಟಿಯೇ ಹೋಗಬೇಕು.

ನನ್ನ ಹತ್ತಿರ ಒಂದು ಇದೆ. ಅಸಲಿಯಾ ಅಂತ ಗೊತ್ತಾಗುವುದು ಹೇಗೆ?

ಒಂದು ಭೂತಗನ್ನಡಿ ತಗೊಳ್ಳಿ. ಬಣ್ಣದ ಜಾಗ ನೋಡಿ. ಪತ್ರಿಕೆಯ ಫೋಟೋದಲ್ಲಿರುವಂತೆ ಸಾಲುಸಾಲು ಚುಕ್ಕೆ ಕಂಡರೆ ಅದು ಇತ್ತೀಚಿನ ಪ್ರಿಂಟ್. ಮಾತು ಮುಗಿಯಿತು. ಚುಕ್ಕೆ ಇಲ್ಲದಿದ್ದರೆ ಅಂಚು ನೋಡಿ. ತಾಮ್ರದ ತಗಡಿನಿಂದ ಅಚ್ಚು ತೆಗೆಯುವಾಗ ಭಾರೀ ಒತ್ತಡ ಬೀಳುತ್ತಿತ್ತು. ಹಾಗಾಗಿ ತಗಡಿನ ಅಂಚು ಕಾಗದದಲ್ಲಿ ಸಣ್ಣ ತಗ್ಗಾಗಿ ಉಳಿದಿರುತ್ತದೆ, ಬೆರಳಿಗೆ ಸಿಗುತ್ತದೆ. ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಒತ್ತೊತ್ತಾಗಿ ಸಣ್ಣ ಗೆರೆಗಳು, ಅವಕ್ಕೆ ಅಡ್ಡಲಾಗಿ ದೂರದೂರ ಗೆರೆಗಳು ಕಾಣಬೇಕು. ಕಾಗದ ಎತ್ತುವ ತಂತಿ ಜಾಲರಿಯ ಗುರುತು ಅದು. 1750ರ ದಶಕದವರೆಗೆ ಯುರೋಪಿನ ಕಾಗದವೆಲ್ಲ ಹೀಗೇ ಇತ್ತು.

ಮೋಸ ಹೋಗುವುದು ನಡುವಿನ ಕಾಲದ ಪ್ರತಿಗಳಲ್ಲಿ. ನ್ಯೂಯಾರ್ಕ್ ನಗರಸಭೆಗಾಗಿ ವ್ಯಾಲೆಂಟೈನ್ ಎಂಬಾತ 1840ರಿಂದ 1860ರ ದಶಕದವರೆಗೆ ವಾರ್ಷಿಕ ಕೈಪಿಡಿ ತರುತ್ತಿದ್ದ. ಅದರಲ್ಲಿ ಹಳೇ ನಕ್ಷೆಗಳನ್ನು ಕಲ್ಲಚ್ಚಿನಲ್ಲಿ ಮತ್ತೆ ಮುದ್ರಿಸಿ ಮಡಚಿ ಸೇರಿಸುತ್ತಿದ್ದ. ಜೇಮ್ಸ್ ಲೈನ್ ಅಳತೆ ಮಾಡಿದ, ಬ್ರ್ಯಾಡ್‌ಫರ್ಡ್ 1731ರಲ್ಲಿ ಅಚ್ಚು ಹಾಕಿದ ನ್ಯೂಯಾರ್ಕ್ ನಕ್ಷೆ ಅಂತ ಮಾರಾಟಕ್ಕೆ ಬರುವುದು ಸಾಮಾನ್ಯವಾಗಿ ಈ ಕಲ್ಲಚ್ಚಿನ ಪ್ರತಿಯೇ. ಅದಕ್ಕೂ ಬೆಲೆ ಇದೆ, ಆದರೆ ಬೇರೆ ಬೆಲೆ. ಇನ್ನು ಕಂದುಬಣ್ಣದ, ಗರಿಗರಿ ಅನ್ನುವ, ಸುಕ್ಕುಸುಕ್ಕಾದ ಕಾಗದದಲ್ಲಿದ್ದರೆ ಅದು ಪ್ರವಾಸಿಗಳಿಗೆಂದು ಮಾಡಿದ ನೆನಪಿನ ಕಾಣಿಕೆ. ಎಷ್ಟು ಹಳೆಯದಾಗಿ ಕಾಣುತ್ತದೋ ಅಷ್ಟು ಹೊಸದು.

ಮುನ್ನೂರು ವರ್ಷದ ಕಾಗದ ಇನ್ನೂ ಗಟ್ಟಿ ಇದೆ, ನಮ್ಮ ಮೂವತ್ತು ವರ್ಷದ ಪುಸ್ತಕ ಪುಡಿಯಾಗುತ್ತಿದೆ. ಯಾಕೆ?

ಆಗಿನ ಕಾಗದ ಹಳೇ ಬಟ್ಟೆಯಿಂದ ಮಾಡಿದ್ದು. ನಾರುಬಟ್ಟೆ, ಹತ್ತಿಬಟ್ಟೆಯ ಚಿಂದಿಯನ್ನು ಕೊಳೆಸಿ, ಕುಟ್ಟಿ, ಜಾಲರಿಯಲ್ಲಿ ಎತ್ತುತ್ತಿದ್ದರು. ಎಳೆ ಉದ್ದ, ಹಾಗಾಗಿ ಬಾಳಿಕೆ ಜಾಸ್ತಿ. ಮರದ ತಿರುಳಿನ ಕಾಗದ ಬಂದದ್ದು 19ನೇ ಶತಮಾನದ ನಡುವಿನಿಂದ ಈಚೆಗೆ. ಅದರಲ್ಲಿ ಆಮ್ಲ ಹೆಚ್ಚು, ಅದೇ ತನ್ನನ್ನು ತಾನೇ ತಿನ್ನುತ್ತದೆ.

ಅಷ್ಟು ಗಟ್ಟಿ ಇದ್ದರೆ ಹಾಳಾಗುವುದು ಯಾತರಿಂದ?

ಮೊದಲನೆಯದು ಶಾಯಿ. ಅಚ್ಚಿನ ಕಪ್ಪು ಶಾಯಿ ಪಾಪದ್ದು, ಮಸಿ ಮತ್ತು ಎಣ್ಣೆ. ಕೈಬರಹದ ಶಾಯಿ ಹಾಗಲ್ಲ. ಮಾಚಿಕಾಯಿ, ಅನ್ನಭೇದಿ, ಗೋಂದು ಸೇರಿಸಿ ಮಾಡಿದ್ದು. ಮಕ್ಕಳಿಗೆ ತೇಯ್ದು ನೆಕ್ಕಿಸುವ ಅದೇ ಮಾಚಿಕಾಯಿ. ಅನ್ನಭೇದಿಯಲ್ಲಿರುವ ಕಬ್ಬಿಣ ಮತ್ತು ಆಮ್ಲ ಸೇರಿಕೊಂಡು ಬರೆದ ಗೆರೆಯ ಉದ್ದಕ್ಕೂ ಕಾಗದವನ್ನು ಸುಡುತ್ತವೆ. ಮೊದಲು ಕಪ್ಪಗಿದ್ದ ಗೆರೆ ಕಂದಾಗುತ್ತದೆ. ಆಮೇಲೆ ಹಾಳೆಯ ಹಿಂದೆ ಕಾಣುತ್ತದೆ. ಕೊನೆಗೆ ಬ್ಲೇಡಿನಿಂದ ಕೊರೆದಂತೆ ಗೆರೆಯೇ ಬಿದ್ದುಹೋಗುತ್ತದೆ.

ಎರಡನೆಯದು ಹಸಿರು ಬಣ್ಣ. ಆ ಕಾಲದ ನಕ್ಷೆಗಳಿಗೆ ಬಣ್ಣ ಹಾಕುತ್ತಿದ್ದದ್ದು ಕೈಯಲ್ಲಿ, ಅಚ್ಚಾದ ಮೇಲೆ. ಗಡಿ ತೋರಿಸುವ ಹಸಿರಿಗೆ ತಾಮ್ರದ ಕಿಲುಬು ಬಳಸುತ್ತಿದ್ದರು. ಅದೂ ಕಾಗದವನ್ನು ತಿನ್ನುತ್ತದೆ. ನಕ್ಷೆ ತಿರುಗಿಸಿ ಹಿಂಬದಿ ನೋಡಿ, ಗಡಿಯ ಗೆರೆ ಕಂದಾಗಿ ಮೂಡಿದ್ದರೆ ಅದೇ ಕಾರಣ. ಅಂಥ ಹಾಳೆಯನ್ನು ಮಡಚಲೇಬೇಡಿ. ಒಂದು ವಿಷಯ ಮಾತ್ರ ಗಮನಿಸಿ, ಹೀಗೆ ಮೂಡಿದ ಗುರುತು ಬಣ್ಣವೂ ಹಳೆಯದೇ ಎನ್ನುವುದಕ್ಕೆ ಒಳ್ಳೇ ಸಾಕ್ಷಿ. ಎಷ್ಟೋ ನಕ್ಷೆಗಳಿಗೆ ಮಾರುವವರು ಈಚೆಗೆ ಬಣ್ಣ ಬಳಿದಿರುತ್ತಾರೆ.

ಬಿಸಿಲು, ತೇವ, ಬೆಳ್ಳಿ ಹುಳು, ಬೂಷ್ಟು ಇವೆಲ್ಲ ಇದ್ದದ್ದೇ. ಇವೆಲ್ಲಕ್ಕಿಂತ ಹೆಚ್ಚು ಹಾಳು ಮಾಡಿದವರು ಮನುಷ್ಯರು, ಅದೂ ಒಳ್ಳೇದು ಮಾಡಲು ಹೋಗಿ. ಮುಂದಿನ ಎರಡು ಪ್ರಶ್ನೆ ಅದರದ್ದೇ.

ಹರಿದ ಕಡೆ ಟೇಪ್ ಹಚ್ಚಬಹುದಾ?

ಬೇಡ. ಸೆಲ್ಲೋಟೇಪ್ ಬೇಡ, ಫೆವಿಕಾಲ್ ಬೇಡ, ಗೋಡೆಗೆ ಪೋಸ್ಟರ್ ಹಚ್ಚುವ ಮೈದಾ ಅಂಟೂ ಬೇಡ. ಟೇಪಿನ ಅಂಟು ವರ್ಷಗಳು ಹೋದಂತೆ ಕಾಗದದೊಳಗೆ ಇಳಿದು ಹಳದಿ ಕಲೆಯಾಗುತ್ತದೆ. ಪ್ಲಾಸ್ಟಿಕ್ ಪಟ್ಟಿ ಕಳಚಿ ಬೀಳುತ್ತದೆ, ಕಲೆ ಅಲ್ಲೇ ಉಳಿಯುತ್ತದೆ. ಆಗಲೇ ಹಚ್ಚಿದ ಟೇಪ್ ಇದ್ದರೆ ಕೀಳಲೂ ಬೇಡಿ, ಮೇಲಿನ ಪದರ ಎದ್ದು ಬರುತ್ತದೆ.

ಕಾಗದ ರಿಪೇರಿ ಕಲಿತವರು ಏನು ಮಾಡುತ್ತಾರೆ ಅಂದರೆ, ಜಪಾನಿನ ಕೋಜೋ ಗಿಡದ ನಾರಿನ ತೆಳು ಕಾಗದ ತಗೊಳ್ಳುತ್ತಾರೆ. ಅದನ್ನು ಕತ್ತರಿಸುವುದಿಲ್ಲ. ಒದ್ದೆ ಕುಂಚದಲ್ಲಿ ಗೆರೆ ಎಳೆದು ಹರಿಯುತ್ತಾರೆ, ಆಗ ಅಂಚಿನಲ್ಲಿ ಎಳೆಗಳು ಉಳಿಯುತ್ತವೆ. ಜಿಗುಟು ತೆಗೆದ ಶುದ್ಧ ಗೋಧಿ ಪಿಷ್ಟವನ್ನು ಬೇಯಿಸಿ, ಸೋಸಿ, ಅಂಟು ಮಾಡುತ್ತಾರೆ. ತೆಳ್ಳಗೆ ಸವರಿ ಹಿಂಬದಿಯಿಂದ ಅಂಟಿಸಿ, ನೀರು ಹೀರುವ ಕಾಗದ ಇಟ್ಟು, ಮೇಲೆ ಭಾರ ಹೇರಿ ಒಣಗಲು ಬಿಡುತ್ತಾರೆ. ನಾಳೆ ಬೇಡ ಅನ್ನಿಸಿದರೆ ಸ್ವಲ್ಪ ತೇವ ಕೊಟ್ಟು ಬಿಡಿಸಬಹುದು. ಈ "ಬಿಡಿಸಬಹುದು" ಎನ್ನುವುದೇ ಈ ಕಸುಬಿನ ಮೊದಲ ನಿಯಮ.

ಲ್ಯಾಮಿನೇಟ್ ಮಾಡಿಸಿಬಿಟ್ಟರೆ ಚಿಂತೆ ಇಲ್ಲ, ಅಲ್ವಾ?

ಚಿಂತೆ ಶುರುವಾಗುವುದೇ ಅಲ್ಲಿಂದ. ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ ಕಥೆಯೇ ಇದೆ. 1930ರ ದಶಕದಲ್ಲಿ ವರ್ಜೀನಿಯಾದಲ್ಲಿ ವಿಲಿಯಂ ಬ್ಯಾರೋ ಎಂಬಾತ ಹಳೇ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಹಾಳೆಯ ನಡುವೆ ಇಟ್ಟು ಬಿಸಿಯಲ್ಲಿ ಒತ್ತುವ ಯಂತ್ರ ಮಾಡಿದ. ಆಗ ಅದೇ ಅತಿ ಹೊಸ ವಿಜ್ಞಾನ. ದೊಡ್ಡ ದೊಡ್ಡ ಸಂಗ್ರಹಾಲಯಗಳು ದಶಕಗಳ ಕಾಲ ವಸಾಹತು ಕಾಲದ ಕಾಗದಗಳನ್ನು ಹೀಗೆ ಒತ್ತಿಸಿದವು. ಆಮೇಲೆ ಆ ಪ್ಲಾಸ್ಟಿಕ್ಕೇ ಹಳಸಿ, ವಿನಿಗರ್ ವಾಸನೆ ಬಿಡುತ್ತಾ ಆಮ್ಲ ಕಾರತೊಡಗಿತು. ಈಗಿನವರು ಒಂದೊಂದೇ ಹಾಳೆಯನ್ನು ಅಸಿಟೋನ್‌ನಲ್ಲಿ ನೆನೆಸಿ ಬಿಡಿಸುತ್ತಿದ್ದಾರೆ. ಬ್ಯಾರೋನನ್ನು ಬೈಯುವುದು ಸರಿಯಲ್ಲ. ಕಾಗದದ ಆಮ್ಲವೇ ಶತ್ರು ಎಂದು ಗಟ್ಟಿಯಾಗಿ ತೋರಿಸಿಕೊಟ್ಟವರಲ್ಲಿ ಅವನೂ ಒಬ್ಬ. ಆದರೆ ಬೀದಿ ಬದಿಯ ಜೆರಾಕ್ಸ್ ಅಂಗಡಿಯ ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು, ಬಿಡಿಸಲೂ ಆಗುವುದಿಲ್ಲ.

ಪಾರದರ್ಶಕ ಹೊದಿಕೆ ಬೇಕೇ ಬೇಕು ಅಂದರೆ ಪಾಲಿಯೆಸ್ಟರ್ ಹಾಳೆಗಳ ನಡುವೆ ನಕ್ಷೆಯನ್ನು ಸುಮ್ನೆ ಇಟ್ಟು, ಅಂಚು ಮಾತ್ರ ಬೆಸೆಯುತ್ತಾರೆ. ನಕ್ಷೆಗೆ ಏನೂ ಅಂಟುವುದಿಲ್ಲ. ಬಣ್ಣ ಪುಡಿಪುಡಿಯಾಗಿ ಏಳುತ್ತಿದ್ದರೆ ಅದೂ ಬೇಡ, ಪಾಲಿಯೆಸ್ಟರ್‌ನ ಸ್ಥಾಯಿ ವಿದ್ಯುತ್ ಬಣ್ಣವನ್ನು ಎಳೆದುಕೊಳ್ಳುತ್ತದೆ.

ಮುಟ್ಟುವಾಗ ಬಿಳಿ ಗ್ಲೌಸ್ ಹಾಕಿಕೊಳ್ಳಬೇಕಾ?

ಸಿನಿಮಾದಲ್ಲಿ ಹಾಕುತ್ತಾರೆ. ಕಾಗದಕ್ಕೆ ತೊಳೆದು ಒರೆಸಿದ ಬರಿಗೈಯೇ ವಾಸಿ. ಹತ್ತಿ ಗ್ಲೌಸಿನಲ್ಲಿ ಅಂಚಿನ ಅಂದಾಜು ಸಿಗುವುದಿಲ್ಲ, ಹರಿದ ಮೂಲೆಗೆ ನೂಲು ಸಿಕ್ಕಿಕೊಳ್ಳುತ್ತದೆ. ಹತ್ತಿರ ಪೆನ್ನು ಬೇಡ, ಪೆನ್ಸಿಲ್ ಸಾಕು. ಕಾಫಿ ಲೋಟ ಇನ್ನೊಂದು ಕೋಣೆಯಲ್ಲಿರಲಿ.

ಮನೆಯಲ್ಲಿ ಎಲ್ಲಿ ಇಡಬೇಕು? ಗೋಡೆಗೆ ಹಾಕಬಹುದಾ?

ಮಟ್ಟಸವಾಗಿ ಮಲಗಿಸಿ ಇಡಿ. ಸುತ್ತಿಟ್ಟರೆ ಬಿಡಿಸುವಾಗ ಸೀಳುತ್ತದೆ. ಆಮ್ಲವಿಲ್ಲದ ಕಾಗದದ ಫೋಲ್ಡರ್ ಕೊಂಡು, ಅಗಲವಾದ ಡ್ರಾಯರ್‌ನಲ್ಲಿಡಿ. ಅಮೆರಿಕದ ಮನೆಗಳಲ್ಲಿ ಎರಡು ಜಾಗ ಬೇಡವೇ ಬೇಡ, ಬೇಸ್‌ಮೆಂಟ್ ಮತ್ತು ಅಟ್ಟ. ಒಂದು ತೇವ, ಇನ್ನೊಂದು ಬೇಸಿಗೆಯಲ್ಲಿ ಒಲೆ. ನೀವು ಆರಾಮಾಗಿ ಕೂರುವ ಕೋಣೆಯ ಕಪಾಟೇ ಸರಿ. ಸುಮಾರು 20 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 35ರಿಂದ 50ರೊಳಗೆ ತೇವಾಂಶ ಇದ್ದರೆ ಚೆನ್ನ. ದಿನಕ್ಕೊಂದು ತರಹ ಏರಿಳಿತ ಆಗದಿದ್ದರೆ ಇನ್ನೂ ಚೆನ್ನ.

ಗೋಡೆಗೆ ಸ್ಕ್ಯಾನ್ ಮಾಡಿದ ಪ್ರತಿಯ ಪ್ರಿಂಟ್ ಹಾಕಿ. ಅಸಲನ್ನೇ ಹಾಕುತ್ತೇನೆ ಅಂದರೆ ನೇರಳಾತೀತ ಕಿರಣ ತಡೆಯುವ ಗಾಜು, ಬಿಸಿಲು ಬೀಳದ ಗೋಡೆ, ಗಾಜಿಗೆ ನಕ್ಷೆ ತಾಗದಂತೆ ನಡುವೆ ಮೌಂಟ್ ಬೋರ್ಡ್, ಕೆಲವು ತಿಂಗಳಿಗೊಮ್ಮೆ ವಿಶ್ರಾಂತಿ. ಮ್ಯೂಸಿಯಂಗಳಲ್ಲಿ ಇಂಥ ಹಾಳೆಗೆ ಬೀಳುವ ಬೆಳಕು 50 ಲಕ್ಸ್ ಮಾತ್ರ, ಮಬ್ಬುಮಬ್ಬು. ಅಮೆರಿಕ ಎಂಬ ಹೆಸರು ಮೊದಲ ಬಾರಿಗೆ ಅಚ್ಚಾದ 1507ರ ವಾಲ್ಡ್‌ಸೀಮ್ಯುಲರ್ ನಕ್ಷೆಯನ್ನು ಲೈಬ್ರರಿ ಆಫ್ ಕಾಂಗ್ರೆಸ್ 1 ಕೋಟಿ ಡಾಲರ್‌ಗೆ ಕೊಂಡಿತು. ಅದನ್ನು ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಮಗೆ ಅಷ್ಟೆಲ್ಲ ಬೇಡ ಬಿಡಿ.

ಮೊಬೈಲ್‌ನಲ್ಲಿ ಫೋಟೋ ತೆಗೆದರೆ ಸಾಕಲ್ವಾ?

ಗುರುತಿಗೆ ಸಾಕು. ಇನ್ಶೂರೆನ್ಸ್‌ಗೂ ಸಾಕು. ಡಿಜಿಟಲ್ ಪ್ರತಿ ಅನ್ನಲು ಸಾಲದು. 50 ಸೆಂಟಿಮೀಟರ್ ಅಗಲದ ನಕ್ಷೆಯನ್ನು 12 ಮೆಗಾಪಿಕ್ಸೆಲ್ ಫೋನಿನಲ್ಲಿ ತೆಗೆದರೆ ಇಂಚಿಗೆ ಸುಮಾರು 200 ಪಿಕ್ಸೆಲ್ ಸಿಗುತ್ತದೆ, ಅದೂ ಮಧ್ಯದಲ್ಲಿ. ಮೂಲೆಗಳಲ್ಲಿ ಲೆನ್ಸ್ ಬಾಗಿಸುತ್ತದೆ. ತಾಮ್ರದ ತಗಡಿನಲ್ಲಿ ಕೆತ್ತಿದ ಹಳ್ಳಿಯ ಹೆಸರುಗಳು ಕೂದಲಿನಷ್ಟು ತೆಳು, ಓದಲು ಹೋದರೆ ಕಲಸಿಹೋಗುತ್ತವೆ.

ಒಂದೇ ಒಂದು ಯಂತ್ರ ಮಾತ್ರ ಬಳಸಲೇಬಾರದು, ಹಾಳೆಯನ್ನು ಉರುಳೆಯ ನಡುವೆ ಎಳೆದುಕೊಳ್ಳುವ ಸ್ಕ್ಯಾನರ್. ಕಟ್ಟಡದ ಪ್ಲಾನ್ ಸ್ಕ್ಯಾನ್ ಮಾಡುವ ಅಂಗಡಿಯಲ್ಲಿ ಇರುವುದು ಅದೇ. ಮಡಿಕೆಯಲ್ಲಿ ಸೀಳಿದ ನಕ್ಷೆ ಅದರೊಳಗೆ ಹೋದರೆ ಎರಡಾಗಿ ಬರುತ್ತದೆ. ನಕ್ಷೆ ಅಲುಗಬಾರದು, ಕ್ಯಾಮೆರಾ ಮೇಲಿನಿಂದ ನೋಡಬೇಕು. ದೊಡ್ಡ ಲೈಬ್ರರಿಗಳಲ್ಲಿ ಸಣ್ಣ ರಂಧ್ರಗಳಿರುವ ಮೇಜು ಇರುತ್ತದೆ. ಅಡಿಯಿಂದ ಮೆಲ್ಲಗೆ ಗಾಳಿ ಎಳೆದು ಹಾಳೆಯನ್ನು ಮಟ್ಟಸ ಹಿಡಿಯುತ್ತದೆ, ಮೇಲೆ ಗಾಜು ಒತ್ತುವ ಕೆಲಸವೇ ಇಲ್ಲ. ಎರಡೂ ಬದಿಯಿಂದ ಸಮ ಬೆಳಕು, ಪಕ್ಕದಲ್ಲಿ ಬಣ್ಣದ ಪಟ್ಟಿ ಮತ್ತು ಅಳತೆಪಟ್ಟಿ.

ಎಷ್ಟು ರೆಸಲ್ಯೂಷನ್ ಬೇಕು? ಫೈಲ್ ಎಷ್ಟು ದೊಡ್ಡದಾಗುತ್ತದೆ?

ಇಂಚಿಗೆ 400 ಪಿಕ್ಸೆಲ್ ಒಳ್ಳೇ ಗುರಿ. ಮಿಚೆಲ್ ನಕ್ಷೆಯನ್ನೇ ಲೆಕ್ಕ ಹಾಕೋಣ. ಎಂಟು ಹಾಳೆ ಜೋಡಿಸಿದರೆ ಅದು ಸುಮಾರು 136 × 195 ಸೆಂಟಿಮೀಟರ್. 400ರಂತೆ ತೆಗೆದರೆ ಒಂದು ಬದಿ 21,000 ಪಿಕ್ಸೆಲ್ ಮೀರುತ್ತದೆ, ಇನ್ನೊಂದು 30,000 ಮೀರುತ್ತದೆ. ಒಟ್ಟು ಸುಮಾರು 65 ಕೋಟಿ ಪಿಕ್ಸೆಲ್. ಒಂದು ಬಣ್ಣಕ್ಕೆ 8 ಬಿಟ್ ಅಂದರೂ 2 ಜಿಬಿ, 16 ಬಿಟ್ ಅಂದರೆ 4 ಜಿಬಿ. ಚಿತ್ರದ ವಿವರ ಕಳೆಯದೆ ಉಳಿಸುವ ಮಾಮೂಲಿ ಟಿಫ್ ಫೈಲಿನ ಮಿತಿಯೇ 4 ಜಿಬಿ, ಆದ್ದರಿಂದ ಇಂಥವಕ್ಕೆ ಅದರ ದೊಡ್ಡ ರೂಪವಾದ ಬಿಗ್‌ಟಿಫ್ ಬಳಸುತ್ತಾರೆ. ಒಂದೇ ಕ್ಲಿಕ್ಕಿನಲ್ಲಿ ಇಷ್ಟು ಬರುವುದಿಲ್ಲ, ತುಂಡುತುಂಡಾಗಿ ತೆಗೆದು ಸಾಫ್ಟ್‌ವೇರ್‌ನಲ್ಲಿ ಹೊಲಿಯಬೇಕು. ಹೊಲಿಗೆಯ ಜಾಗದಲ್ಲಿ ನದಿ ತುಂಡಾಗಿದೆಯಾ ಅಂತ ಕಣ್ಣಿಟ್ಟು ನೋಡಿ.

ಅಸಲು ಪ್ರತಿಯನ್ನು ಟಿಫ್‌ನಲ್ಲಿಡಿ, ಮುಟ್ಟಬೇಡಿ. ಹಂಚಲು ಅದರಿಂದ ಜೆಪೆಗ್ ಮಾಡಿಕೊಳ್ಳಿ. ಕಲೆ ಅಳಿಸುವುದು, ಕಾಗದ ಬೆಳ್ಳಗೆ ಮಾಡುವುದು ಏನಿದ್ದರೂ ಜೆಪೆಗ್‌ನಲ್ಲಿ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಖಾಲಿ ಇದ್ದರೂ.

ಇಷ್ಟು ಚೆನ್ನಾಗಿ ಸ್ಕ್ಯಾನ್ ಆದ ಮೇಲೆ ಹಳೇ ಕಾಗದ ಯಾಕೆ ಬೇಕು?

ಇದಕ್ಕೆ ಜಾನ್ ವೈಟ್‌ನ ನಕ್ಷೆಗಿಂತ ಒಳ್ಳೇ ಉತ್ತರ ಸಿಗುವುದಿಲ್ಲ.

ರೊಅನೋಕ್ ದ್ವೀಪದಲ್ಲಿ 1587ರಲ್ಲಿ ನೂರಕ್ಕೂ ಹೆಚ್ಚು ಇಂಗ್ಲಿಷರು ನೆಲೆಸಿದರು. ವೈಟ್‌ನೇ ಅವರ ಗವರ್ನರ್. ಸಾಮಾನು ತರಲು ಇಂಗ್ಲೆಂಡಿಗೆ ಹೋದವನು 1590ರಲ್ಲಿ ಮರಳಿದಾಗ ಅಲ್ಲಿ ಯಾರೂ ಇರಲಿಲ್ಲ. ಅವರೆಲ್ಲ ಎಲ್ಲಿ ಹೋದರು ಎನ್ನುವುದು ಅಮೆರಿಕದ ದೊಡ್ಡ ಒಗಟು. ವೈಟ್ ಬರೆದ ಆ ಕರಾವಳಿಯ ನಕ್ಷೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, 1866ರಿಂದ. ಅದಕ್ಕೆ ಹಿಂದಿನ ವರ್ಷ ಹರಾಜು ಸಂಸ್ಥೆಯಲ್ಲಿ ಬೆಂಕಿ ಬಿದ್ದು, ಆರಿಸಲು ಹೊಡೆದ ನೀರಿನಲ್ಲಿ ಆ ಚಿತ್ರಗಳ ಸಂಪುಟ ನೆನೆದುಹೋಗಿತ್ತು. ಅಷ್ಟಾದರೂ ಉಳಿಯಿತು.

ನಕ್ಷೆಯ ಮೇಲೆ ಎರಡು ಕಡೆ ತೇಪೆ ಇದೆ. ಆಗಿನ ಕಾಲದಲ್ಲಿ ತಪ್ಪಾದರೆ ಮೇಲೊಂದು ಕಾಗದ ಅಂಟಿಸಿ ಮತ್ತೆ ಬರೆಯುತ್ತಿದ್ದರು. ಆದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಮೆರಿಕದ ಸಂಶೋಧಕರ ಗುಂಪೊಂದು ಕೇಳಿದ ಮೇಲೆ 2012ರಲ್ಲಿ ಮ್ಯೂಸಿಯಂನವರು ಹಾಳೆಯನ್ನು ಬೆಳಕಿನ ಮೇಜಿನ ಮೇಲಿಟ್ಟರು. ಒಂದು ತೇಪೆಯ ಅಡಿಯಲ್ಲಿ ಕೆಂಪು ಮತ್ತು ನೀಲಿಯಲ್ಲಿ ಬರೆದ ಕೋಟೆಯ ಗುರುತು ಕಂಡಿತು! ಜಾಗ ಆಲ್ಬಮಾರ್ಲ್ ಕೊಲ್ಲಿಯ ತುದಿ, ಎರಡು ನದಿ ಸೇರುವಲ್ಲಿ. ಅದರ ಜಾಡು ಹಿಡಿದು ಅಗೆದವರಿಗೆ ಹಳೇ ಇಂಗ್ಲಿಷ್ ಮಡಕೆ ಚೂರುಗಳು ಸಿಕ್ಕವು. ಒಗಟು ಬಿಡಿಸಿಹೋಯಿತು ಅಂತಲ್ಲ, ವಾದ ಇನ್ನೂ ಇದೆ.

ಮಾಮೂಲಿ ಸ್ಕ್ಯಾನ್ ಅಂದರೆ ಮೇಲಿಂದ ಬಿದ್ದು ಮರಳಿದ ಬೆಳಕು. ಅದರಲ್ಲಿ ಈ ಕೋಟೆ ಇಲ್ಲ. ಬೆಳಕು ಅಡಿಯಿಂದ ಹಾಯಬೇಕಾಗಿತ್ತು, ಅದಕ್ಕೆ ಕಾಗದ ಬೇಕಾಗಿತ್ತು. ಯಾವನೋ ಒಬ್ಬ ಶಿಸ್ತಿನ ಮನುಷ್ಯ ಹಿಂದೆಯೇ ಆ ತೇಪೆ ಕೊಳಕಾಗಿದೆ ಅಂತ ಕಿತ್ತು, ಹಿಂದೆ ಬಟ್ಟೆ ಅಂಟಿಸಿದ್ದರೆ ಮುಗಿದೇ ಹೋಗುತ್ತಿತ್ತು. ನಿಮ್ಮ ನಕ್ಷೆಯ ಕಲೆ, ತೇಪೆ, ಹಿಂಬದಿಯ ಗೀಚುಗಳಿಗೂ ಇದೇ ಮರ್ಯಾದೆ ಕೊಡಿ.

ಹಳೇ ನಕ್ಷೆಯನ್ನು ಈಗಿನ ಮ್ಯಾಪ್ ಮೇಲೆ ಕೂರಿಸಬಹುದಾ?

ಬಹುದು, ಮಜಾ ಇದೆ. ಎರಡರಲ್ಲೂ ಇರುವ ಗಟ್ಟಿ ಗುರುತುಗಳನ್ನು, ಚರ್ಚು, ಭೂಶಿರ, ನದಿ ಸೇರುವ ಜಾಗ ಇಂಥವನ್ನು ಒಂದಕ್ಕೊಂದು ಹೊಂದಿಸುತ್ತಾ ಹೋಗಬೇಕು. ಡೇವಿಡ್ ರಮ್ಸಿ ಎಂಬವರ ಹಳೇ ನಕ್ಷೆ ಸಂಗ್ರಹದ ವೆಬ್ ತಾಣದಲ್ಲಿ ಇದಕ್ಕೆ ಸಾಧನ ಇದೆ, ಇದೇ ಕೆಲಸಕ್ಕೆ ಆಲ್‌ಮ್ಯಾಪ್ಸ್ ಎಂಬ ಆನ್‌ಲೈನ್ ಸಾಧನ ಕೂಡ ಇದೆ. ದಿಕ್ಕು ಮೊದಲು ನೋಡಿಕೊಳ್ಳಿ. ಜಾನ್ ಸ್ಮಿತ್‌ನ 1612ರ ವರ್ಜೀನಿಯಾ ನಕ್ಷೆಯಲ್ಲಿ, ಫಾಸ್ಟರ್‌ನ 1677ರ ನಕ್ಷೆಯಲ್ಲಿ ಮೇಲಿರುವುದು ಪಶ್ಚಿಮ. ಕರಾವಳಿ ಚೆನ್ನಾಗಿ ಕೂರುತ್ತದೆ. ಒಳನಾಡಿಗೆ ಹೋದಂತೆ ಎಳೆದಾಡುತ್ತದೆ, ರೇಖಾಂಶ ಅಳೆಯುವುದು ಆಗ ಅಷ್ಟು ಕಷ್ಟವಿತ್ತು. ಬಲವಂತವಾಗಿ ಕೂರಿಸಬೇಡಿ. ಎಲ್ಲಿ ಕೂರುವುದಿಲ್ಲವೋ ಅಲ್ಲೇ ಸುದ್ದಿ ಇರುತ್ತದೆ.

ವಿವರ ಬರೆಯುವಾಗ ಏನೇನು ಬರೆಯಬೇಕು?

ಹೆಸರು, ಮಾಡಿದವನು, ಕೆತ್ತಿದವನು, ಊರು, ವರ್ಷ, ಅಳತೆ, ಯಾರ ಕೈಯಿಂದ ಬಂತು. ಜೊತೆಗೆ ನಕ್ಷೆಯಲ್ಲಿರುವ ಮೂಲನಿವಾಸಿಗಳ ಊರು ಮತ್ತು ಕುಲಗಳ ಹೆಸರನ್ನು ಅಲ್ಲಿದ್ದಂತೆಯೇ ಬರೆಯಿರಿ, ಕಾಗುಣಿತ ತಿದ್ದಬೇಡಿ. ಅವರು ಹೇಳದೆ ಇವೆಷ್ಟೋ ನಕ್ಷೆಗಳು ಆಗುತ್ತಲೇ ಇರಲಿಲ್ಲ. ಸ್ಮಿತ್ ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ. ನದಿಗಳ ಮೇಲೆ ಸಣ್ಣ ಶಿಲುಬೆ ಹಾಕಿ, ಅಲ್ಲಿಯವರೆಗೆ ಮಾತ್ರ ತಾವು ಕಂಡದ್ದು, ಆಚೆಯದು ಕೇಳಿ ತಿಳಿದದ್ದು ಎಂದು ತೋರಿಸಿದ್ದಾನೆ. 1721ರ ಸುಮಾರಿಗೆ ಸೌತ್ ಕ್ಯಾರೊಲೈನಾದ ಗವರ್ನರ್‌ಗೆ ಅಲ್ಲಿನ ಮೂಲನಿವಾಸಿಗಳೇ ಜಿಂಕೆ ಚರ್ಮದ ಮೇಲೆ ನಕ್ಷೆ ಬರೆದು ಕೊಟ್ಟರು. ಕುಲಗಳೆಲ್ಲ ವೃತ್ತಗಳು, ವರ್ಜೀನಿಯಾ ಒಂದು ಚೌಕ. ಚರ್ಮ ಉಳಿಯಲಿಲ್ಲ, ಕಾಗದದ ಮೇಲಿನ ನಕಲು ಲಂಡನ್‌ನಲ್ಲಿದೆ.

ಈ ಚಿತ್ರಗಳನ್ನು ಬಳಸಿದರೆ ಕಾಪಿರೈಟ್ ತೊಂದರೆ ಬರುತ್ತದಾ?

ನಕ್ಷೆಗೆ ಕಾಪಿರೈಟ್ ಮುಗಿದು ಎಷ್ಟೋ ಕಾಲವಾಯಿತು. ಇದ್ದದ್ದನ್ನು ಇದ್ದಂತೆ ತೆಗೆದ ಫೋಟೋಕ್ಕೆ ಹೊಸ ಕಾಪಿರೈಟ್ ಇಲ್ಲ ಎಂದು 1999ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ ಹೇಳಿದೆ. ಬೇರೆ ದೇಶದ ಸಂಸ್ಥೆಗಳ ಷರತ್ತು ಬೇರೆ ಇರಬಹುದು, ಓದಿಕೊಳ್ಳಿ. ಲೈಬ್ರರಿ ಆಫ್ ಕಾಂಗ್ರೆಸ್, ಬಾಸ್ಟನ್ ಪಬ್ಲಿಕ್ ಲೈಬ್ರರಿಯ ಲೆವೆಂಥಾಲ್ ನಕ್ಷೆ ಕೇಂದ್ರ, ರಮ್ಸಿ ಸಂಗ್ರಹ, ಈ ಮೂರರಲ್ಲೂ ಮನೆಯಲ್ಲೇ ಕೂತು ದುಡ್ಡಿಲ್ಲದೆ ನೋಡಬಹುದು.

ನಮ್ಮ ಕಡೆಗೂ ಇದಕ್ಕೂ ಏನಾದರೂ ನಂಟು ಇದೆಯಾ?

ಇದೆ. ಲಂಡನ್‌ನ ವಿಲಿಯಂ ಫೇಡನ್ ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಕ್ಷೆಗಳ ದೊಡ್ಡ ವ್ಯಾಪಾರಿ. ಅವನ ಸಂಗ್ರಹವನ್ನು ಲೈಬ್ರರಿ ಆಫ್ ಕಾಂಗ್ರೆಸ್ 1864ರಲ್ಲಿ ಕೊಂಡಿತು. ಅದೇ ಫೇಡನ್ ದಕ್ಷಿಣ ಭಾರತದ ನಕ್ಷೆಯನ್ನೂ ಅಚ್ಚು ಹಾಕಿ ಮಾರಿದ. ಗಿರಾಕಿಗಳಿಗೆ ಕುತೂಹಲ ಹುಟ್ಟಿಸಿದವನೂ ಒಬ್ಬನೇ: 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಯಾರ್ಕ್‌ಟೌನ್ ಮುತ್ತಿಗೆಯ ನಕ್ಷೆ, ಶ್ರೀರಂಗಪಟ್ಟಣ ಮುತ್ತಿಗೆಯ ನಕ್ಷೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಂದಕ, ಫಿರಂಗಿ ಸಾಲು ಬರೆಯುವ ಕ್ರಮ ಎರಡರಲ್ಲೂ ಒಂದೇ.

ಕೊಳ್ಳುವಾಗ ಕಳ್ಳಮಾಲು ಅಲ್ಲ ಅಂತ ತಿಳಿಯುವುದು ಹೇಗೆ?

ಕೇಳಲೇಬೇಕಾದ ಪ್ರಶ್ನೆ. 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಲೈಬ್ರರಿಯ ನೆಲದ ಮೇಲೆ ಸಿಬ್ಬಂದಿಗೆ ಒಂದು ಬ್ಲೇಡ್ ಸಿಕ್ಕಿತು. ಓದಲು ಬಂದಿದ್ದವನು ಹೆಸರಾಂತ ನಕ್ಷೆ ವ್ಯಾಪಾರಿ. ಆಮೇಲೆ 97 ನಕ್ಷೆ ಕದ್ದದ್ದನ್ನು ಒಪ್ಪಿಕೊಂಡ. ಹಳೇ ಪುಸ್ತಕಗಳಿಂದ ಕಿತ್ತು ಮಾರುತ್ತಿದ್ದ. ಮೊದಲೇ ಚೆನ್ನಾಗಿ ಸ್ಕ್ಯಾನ್ ಮಾಡಿಟ್ಟಿದ್ದರೆ ಹುಳು ತಿಂದ ತೂತು, ಕಲೆ, ಮಡಿಕೆ ಹೊಂದಿಸಿ "ಇದು ನಮ್ಮದೇ" ಎಂದು ತೋರಿಸಬಹುದು. ಡಿಜಿಟಲ್ ಮಾಡುವುದರ ಈ ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ನೀವು ಕೊಳ್ಳುವಾಗ ಒಂದು ಬದಿಯ ಅಂಚು ಹೊಸದಾಗಿ ಕತ್ತರಿಸಿದಂತಿದೆಯಾ, ಮೂಲೆಯಲ್ಲಿ ಮುದ್ರೆ ಉಜ್ಜಿ ಅಳಿಸಿದ ಗುರುತಿದೆಯಾ ನೋಡಿ. ಹಿಂಬದಿಗೆ ಓರೆಯಾಗಿ ಟಾರ್ಚ್ ಹಿಡಿದರೆ ಅಳಿಸಿದ ಮುದ್ರೆಯ ತಗ್ಗು ಕಾಣುತ್ತದೆ. ಎಲ್ಲಿಂದ ಬಂತು ಎಂದು ಕೇಳಿ, ಬರಹದಲ್ಲಿ ಕೊಡಲು ಹೇಳಿ. ಮುಜುಗರ ಪಡಬೇಡಿ, ಒಳ್ಳೇ ವ್ಯಾಪಾರಿ ಕೊಟ್ಟೇ ಕೊಡುತ್ತಾನೆ. "ಅದೆಲ್ಲ ಯಾಕೆ ಸಾರ್" ಎಂಬ ಧಾಟಿಯಲ್ಲಿ ಮಾತಾಡಿದರೆ ನಕ್ಷೆ ಅಲ್ಲೇ ಇಟ್ಟು ಬನ್ನಿ.